ದಂಡಿನಲ್ಲಿದ್ದ ಮುತ್ತಾತನ ಮೂಲ ಊರು ಹುಡುಕಬೇಕು, ದಾರಿ ಹೇಳಿ

ಹಲಸೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹತ್ತಿರ. ನಮ್ಮಜ್ಜಿ ಹುಟ್ಟಿದ್ದೂ ಇದೇ ಬೀದಿಯಲ್ಲಿ. ಮನೆಯೊಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಅಜ್ಜಿಯ ಅಪ್ಪ, ಅಂದರೆ ನನ್ನ ಮುತ್ತಾತ, ಬ್ರಿಟಿಷರ ಸೈನ್ಯದಲ್ಲಿ ಸೇತುವೆ, ರಸ್ತೆ ಕಟ್ಟುವ ಪಲ್ಟನ್ನಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರ ಅಣ್ಣನೂ ಅದೇ ಪಲ್ಟನ್. ಆ ಅಣ್ಣ ಮೊದಲ ಮಹಾಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ. "ಬಸ್ರಾದಲ್ಲಿ ಹೋದ್ರು" ಅನ್ನೋದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ನಮ್ಮ ಹತ್ತಿರ ಇರುವುದು ಇಷ್ಟು: ಯೂನಿಫಾರ್ಮಿನಲ್ಲಿರುವ ಒಂದು ಫೋಟೋ, ಎರಡು ಪದಕ, ಮನೆಯ ಹಳೇ ಕ್ರಯಪತ್ರ. ನಮ್ಮವರು ಯಾವ ಊರಿಂದ ಬೆಂಗಳೂರಿಗೆ ಬಂದರು ಅಂತ ತಿಳಿಯಬೇಕು. ಚಿಕ್ಕಮ್ಮ ವೆಲ್ಲೂರು ಕಡೆ ಅನ್ನುತ್ತಾರೆ, ಸೋದರಮಾವ ಸೇಲಂ ಅನ್ನುತ್ತಾರೆ. ಅಜ್ಜಿಗೆ ಈಗ ಜಾಸ್ತಿ ವಯಸ್ಸಾಗಿದೆ. ಅವರಿರುವಾಗಲೇ ಆ ಊರಿನ ಹೆಸರು ಹೇಳಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಹಳೇ ಕಡತ

ಮೇಡಂ, ಬೇರೆ ಎಲ್ಲ ಬಿಟ್ಟು ಮೊದಲು ಆ ಪದಕಗಳ ಅಂಚು ನೋಡಿ. ಮುಖವಲ್ಲ, ದುಂಡಗಿನ ಅಂಚು. ಮೊದಲ ಮಹಾಯುದ್ಧದ ಪದಕಗಳಲ್ಲಿ ಸೈನಿಕನ ನಂಬರ್, ದರ್ಜೆ, ಹೆಸರು, ಪಲ್ಟನ್ ಎಲ್ಲವನ್ನೂ ಅಂಚಿನ ಮೇಲೆ ಒತ್ತಿರುತ್ತಾರೆ. ಸಣ್ಣ ಅಕ್ಷರ. ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಓದಿ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಎಷ್ಟೋ ಮನೆಗಳಲ್ಲಿ ಉಜ್ಜಿ ಉಜ್ಜಿಯೇ ಅಕ್ಷರ ಸವೆದುಹೋಗಿದೆ.

ಇನ್ನೊಂದು ವಿಷಯ. ಐದನೇ ಜಾರ್ಜ್‌ನ ಮುಖ ಇರುವ ಪದಕ ಬೆಳ್ಳಿಯದೋ ಕಂಚಿನದೋ ನೋಡಿ. ಸಿಪಾಯಿಗಳಿಗೆ ಬೆಳ್ಳಿಯದು ಕೊಟ್ಟರು. ಪಲ್ಟನ್ ಜೊತೆ ಕೂಲಿಗೆ, ಸಾಮಾನು ಹೊರೋದಕ್ಕೆ ಹೋದ ಜನರಿಗೆ ಅದೇ ಅಚ್ಚಿನ ಕಂಚಿನದು. "ಮಿಲಿಟರಿಯಲ್ಲಿದ್ದರು" ಅಂತ ಮನೆಯಲ್ಲಿ ಹೇಳುವ ಮಾತಿಗೆ ಎರಡೂ ಅರ್ಥ ಇರಬಹುದು. ಎರಡೂ ಗೌರವದ್ದೇ. ಆದರೆ ಹುಡುಕುವ ಜಾಗ ಬೇರೆ ಬೇರೆ.

ನಂಬರ್ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಹೆಸರನ್ನು ಮಾತ್ರ ನಂಬಿ ಹೊರಟರೆ ಕಷ್ಟ. ಮುನಿಸ್ವಾಮಿ, ಚಿನ್ನಪ್ಪ, ಆರೋಗ್ಯಸ್ವಾಮಿ ಅನ್ನುವವರು ಒಂದೊಂದು ಕಂಪನಿಯಲ್ಲೂ ಹಲವರು ಇರುತ್ತಿದ್ದರು. ಬರೆದುಕೊಂಡ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದ. ಮುನಿಸ್ವಾಮಿ ಒಂದು ಕಡೆ ಮೂನೂಸಾಮಿ, ಇನ್ನೊಂದು ಕಡೆ ಮುನ್ನಸ್ವಾಮಿ. ನಂಬರ್ ಹಾಗೆ ಬದಲಾಗುವುದಿಲ್ಲ.

ಲೆಸ್ಟರ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿದ್ದೇನೆ. ನಮ್ಮ ಹೆಂಡತಿ ಕಡೆಯವರದು ಕಾಕ್ಸ್ ಟೌನಿನ ಆಂಗ್ಲೋ ಇಂಡಿಯನ್ ಮನೆ. ಅವರ ವಂಶ ಹುಡುಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಹೋಗಿ ಕೂತಿದ್ದೇನೆ. ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ಕಡತಗಳು ಅಲ್ಲಿವೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳು ಕಳಿಸಿದ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಸಮಾಧಿ ದಾಖಲೆಗಳ ಪ್ರತಿಗಳು 'ಎನ್ 2' ಅನ್ನುವ ಸಾಲಿನಲ್ಲಿ ಇವೆ. ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್, ಇರುವುದು ಇದರಲ್ಲೇ. ಬಂಗಾಳದ್ದು 'ಎನ್ 1', ಬೊಂಬಾಯಿಯದು 'ಎನ್ 3'. ಇದರಲ್ಲಿ ತುಂಬಾ ಭಾಗ ವಂಶ ಹುಡುಕುವ ತಾಣವಾದ ಫೈಂಡ್‌ಮೈಪಾಸ್ಟ್‌ನಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಫ್ಯಾಮಿಲಿಸರ್ಚ್‌ನಲ್ಲೂ ಫಿಬಿಸ್ ಅನ್ನುವ ಸಂಸ್ಥೆಯ ತಾಣದಲ್ಲೂ ಪುಕ್ಕಟೆಯಾಗಿ ಹುಡುಕಬಹುದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಈ ಪುಸ್ತಕಗಳಲ್ಲಿ ಇರುವವರು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು. ಒಬ್ಬ ಗೋರಾ ಸಾರ್ಜೆಂಟ್‌ನ ಆರು ತಿಂಗಳ ಕೂಸು ತೀರಿಕೊಂಡರೆ ಹೆಸರು, ವಯಸ್ಸು, ಅಪ್ಪನ ದರ್ಜೆ, ಎಷ್ಟೋ ಸಲ ಕಾಯಿಲೆಯ ಹೆಸರು ಕೂಡ ಸಿಗುತ್ತದೆ. ಅದೇ ಬ್ಯಾರಕ್ಕಿಗೆ ನೀರು ಹೊತ್ತ ಭಿಸ್ತಿಯ ಮನೆ ಇಡೀ ಕಾಲರಾಕ್ಕೆ ಹೋದರೂ ಒಂದು ಸಾಲು ಇಲ್ಲ. ಇದನ್ನು ನೋಡುವಾಗ ನನಗೆ ತುಂಬಾ ಸಂಕಟವಾಯಿತು. ನಿಮ್ಮ ಮುತ್ತಾತನಿಗಾಗಿ ಇಲ್ಲಿ ಸಮಯ ಕಳೆಯಬೇಡಿ. ಲಂಡನ್ನಿನಲ್ಲೇ ಕ್ಯೂ ಅನ್ನುವಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಇದೆ. ಅಲ್ಲಿ ಮೊದಲ ಯುದ್ಧದ ಪದಕ ಪಡೆದವರ ಕಾರ್ಡುಗಳು ಇವೆ, 'ಡಬ್ಲ್ಯೂಓ 372'. ಅದರಲ್ಲಿ ಭಾರತೀಯ ಸೈನಿಕರೂ ಸಿಗುತ್ತಾರೆ. ಮನೆಯಿಂದಲೇ ಹುಡುಕಬಹುದು.

ಮಲ್ಲೇಶ್ವರದ ಓದುಗ

ತಪ್ಪು ತಿಳಿಯಬೇಡಿ, ಮನಸ್ಸಿನಲ್ಲಿದ್ದದ್ದನ್ನು ಕೇಳುತ್ತಿದ್ದೇನೆ. ಬ್ರಿಟಿಷರ ಸೈನ್ಯದಲ್ಲಿ ದುಡಿದದ್ದನ್ನು ಹುಡುಕಿ ಹೆಮ್ಮೆ ಪಡುವುದು ಸರಿಯಾ? ಅದೇ ಸೈನ್ಯ ನಮ್ಮ ಜನರ ಮೇಲೂ ಗುಂಡು ಹಾರಿಸಿದೆ ಅಲ್ವಾ?

ಆಸ್ಟಿನ್ ಟೌನ್

ಸರ್, ನಿಮ್ಮ ಪ್ರಶ್ನೆ ನನಗೆ ಅರ್ಥವಾಗುತ್ತದೆ. ನನ್ನ ಉತ್ತರವನ್ನೂ ಕೇಳಿ. ನಮ್ಮ ತಾತನ ಅಪ್ಪನೂ ಸ್ಯಾಪರ್ಸ್. ಊರಲ್ಲಿ ನಮ್ಮದು ಚೇರಿಯ, ಅಂದರೆ ದಲಿತರ ಕೇರಿಯ ಮನೆ. ಅಗ್ರಹಾರದ ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ, ಬಾವಿ ಮುಟ್ಟುವ ಹಾಗಿರಲಿಲ್ಲ. ಸ್ಯಾಪರ್ಸ್ ಮತ್ತು ದಾರಿ ಮಾಡುವ ಪಲ್ಟನ್ನಾದ ಪಯೋನಿಯರ್ಸ್ ನಮ್ಮವರನ್ನು ಸೇರಿಸಿಕೊಂಡರು. ತಿಂಗಳ ಸಂಬಳ, ಬೂಟು, ಓದು ಬರಹ, ಗಾರೆ ಕೆಲಸ, ಸೇತುವೆ ಕಟ್ಟುವ ಕೆಲಸ, ಮುಗಿದ ಮೇಲೆ ಪಿಂಚಣಿ. ಆ ಪಿಂಚಣಿಯಲ್ಲೇ ನಮ್ಮ ತಾತ ಶಾಲೆಗೆ ಹೋದರು. ಬ್ರಿಟಿಷರು ಇದನ್ನು ನಮ್ಮ ಮೇಲಿನ ಪ್ರೀತಿಯಿಂದ ಮಾಡಲಿಲ್ಲ, ಅದು ನನಗೂ ಗೊತ್ತು. 1880ರ ದಶಕದ ನಂತರ ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಿಲ್ಲ ಅಂತ ಹೇಳಿ ಮದ್ರಾಸ್ ಪದಾತಿ ಪಲ್ಟನ್‌ಗಳನ್ನು ಒಂದೊಂದಾಗಿ ಕಡಿಮೆ ಮಾಡಿದ್ದೂ ಅವರೇ. ಸ್ಯಾಪರ್ಸ್ ಉಳಿಯಿತು. ಪಯೋನಿಯರ್ಸ್ 1933ರಲ್ಲಿ ಹೋಯಿತು.

ನಮ್ಮ ಮುತ್ತಾತಂದಿರು ದಂಡಿಗೆ ಬಂದದ್ದು ಹೊಟ್ಟೆಗೂ ಮಾನಕ್ಕೂ. ಅವರ ತಮ್ಮಂದಿರು ಕೋಲಾರದ ಗಣಿಗೆ ಇಳಿದರು. ಅವರ ಹೆಸರು ಹುಡುಕುವುದು ಬ್ರಿಟಿಷರನ್ನು ಹೊಗಳುವುದಲ್ಲ. ನಮ್ಮವರ ಹೆಸರನ್ನು ಬೇರೆ ಯಾರೂ ಬರೆದಿಡಲಿಲ್ಲ, ಅದಕ್ಕೇ ಹುಡುಕುತ್ತೇವೆ.

ಮಲ್ಲೇಶ್ವರದ ಓದುಗ

ಈ ಕಡೆಯಿಂದ ನಾನು ಯೋಚಿಸಿರಲಿಲ್ಲ. ಬರೆದದ್ದಕ್ಕೆ ಧನ್ಯವಾದ. ಮುಂದುವರಿಸಿ, ಓದುತ್ತಿದ್ದೇನೆ.

ಹಳೇ ಕಡತ

ಆಸ್ಟಿನ್ ಟೌನಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಈಗ ಎಲ್ಲರಿಗೂ ಉಪಯೋಗವಾಗುವ ಒಂದು ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ದಂಡು ಯಾರ ಕೈಯಲ್ಲಿತ್ತು ಅನ್ನುವುದು ಗೊತ್ತಿರಬೇಕು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಪಡೆ ಮೊದಲು ಶ್ರೀರಂಗಪಟ್ಟಣದಲ್ಲೇ ಇತ್ತು. ಚಳಿಜ್ವರಕ್ಕೆ ಜನ ಸಾಯತೊಡಗಿದರು. ಅಲ್ಲಿನ ಗ್ಯಾರಿಸನ್ ಸ್ಮಶಾನ ಇನ್ನೂ ಇದೆ, ಮುನ್ನೂರಕ್ಕೂ ಜಾಸ್ತಿ ಗೋರಿಗಳು. 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ತಂದರು. ಹಲಸೂರಿನ ಸುತ್ತ ದಂಡು ಬೆಳೆಯಿತು. ಸಿಪಾಯಿ, ಅಡುಗೆಯವರು, ಧೋಬಿ, ಹುಲ್ಲು ಕೊಯ್ಯುವವರು, ಗುತ್ತಿಗೆದಾರರು, ವ್ಯಾಪಾರಿಗಳು ಎಲ್ಲ ಆರ್ಕಾಟು, ಮದ್ರಾಸ್ ಕಡೆಯಿಂದ ಹಿಂದೆಯೇ ಬಂದರು. ಸ್ಯಾಪರ್ಸ್ ಇಲ್ಲಿಗೆ ನೆಲೆ ಬದಲಿಸಿದ್ದು 1834ರಲ್ಲಿ. 1864ರಲ್ಲಿ ಜೋಲಾರಪೇಟೆಯಿಂದ ದಂಡಿನ ಸ್ಟೇಷನ್ನಿಗೆ ರೈಲು ಬಂತು. ಆಮೇಲೆ ಬರುವವರೂ ಜಾಸ್ತಿಯಾದರು.

1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟರಲ್ಲ, ಆಗ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಹತ್ತಿರವೇ ಇಟ್ಟುಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು, ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್‌ನ ಆಡಳಿತ. 1947ರ ಜುಲೈ ತನಕ ಹಾಗೇ ಇತ್ತು. ಆದ್ದರಿಂದ ಪೇಟೆಯ ಮನೆತನದವರಿಗೆ ಸಿಗುವ ಹಾಗೆ ನಿಮಗೆ ಎಲ್ಲವೂ ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಸಿಗುವುದಿಲ್ಲ. ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವರ 'ಅಭಿಲೇಖ್ ಪಟಲ್' ತಾಣದಲ್ಲಿ ಮನೆಯಿಂದಲೇ ಪಟ್ಟಿ ನೋಡಬಹುದು. ಸೈನ್ಯದ ವಿಷಯ ಮದ್ರಾಸಿಗೆ ಸೇರಿದ್ದು, ಅದಕ್ಕೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ.

ಸ್ಯಾಪರ್ಸ್ ಅಂದರೆ ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ನಿಮ್ಮ ಹಲಸೂರು ಕೆರೆಯ ಪಕ್ಕದಲ್ಲೇ. ಸೈನಿಕನ ವಿವರ ಬರೆಯುವ ಹಾಳೆಗೆ ಅವರು 'ಶೀಟ್ ರೋಲ್' ಅನ್ನುತ್ತಾರೆ. ಅದರಲ್ಲಿ ಊರು, ತಾಲ್ಲೂಕು, ಹತ್ತಿರದ ಸಂಬಂಧಿ ಎಲ್ಲ ಇರುತ್ತದೆ. ಇಷ್ಟು ಹಳೆಯದು ಉಳಿದಿದೆಯೋ ಇಲ್ಲವೋ, ನಂಬರ್ ಹಾಕಿ ಒಂದು ಪತ್ರ ಬರೆದು ಕೇಳಿ.

ಶೂಲೆಯವನು

ಕ್ರೈಸ್ತ ಮನೆತನದವರಿಗೆ ಒಂದು ಸಲಹೆ. ಲಂಡನ್ನಿಗೆ ಹೋದದ್ದು ಪ್ರತಿ ಮಾತ್ರ, ಅದೂ ಹೆಚ್ಚಾಗಿ ಗೋರಾಗಳದು. ಮೂಲ ಪುಸ್ತಕ ಆಯಾ ಚರ್ಚಿನಲ್ಲೇ ಇರುತ್ತದೆ. ನಮ್ಮವರ ಹೆಸರು ಇರುವುದು ಅಲ್ಲೇ. ದೀಕ್ಷಾಸ್ನಾನದ ಸಾಲಿನಲ್ಲಿ ಜ್ಞಾನತಂದೆ, ಜ್ಞಾನತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಹೆಸರು ಬಿಡದೆ ಬರೆದುಕೊಳ್ಳಿ. ಅವರು ಎಷ್ಟೋ ಸಲ ಒಂದೇ ಊರಿನವರು, ಇಲ್ಲ ಹತ್ತಿರದ ನೆಂಟರು. ಮದುವೆ ಪುಸ್ತಕದ ಸಾಕ್ಷಿಗಳೂ ಅಷ್ಟೇ. ನಮ್ಮ ಅಜ್ಜನ ಊರು ನಮಗೆ ಸಿಕ್ಕಿದ್ದು ಅಜ್ಜನ ಹೆಸರಿನಿಂದಲ್ಲ, ಅವರ ಮದುವೆಗೆ ಸಾಕ್ಷಿ ಹಾಕಿದವರ ಹೆಸರಿನಿಂದ.

ಭಾನುವಾರ ಪೂಜೆ ಮುಗಿದ ಕೂಡಲೇ ಹೋಗಿ ಕೇಳಬೇಡಿ, ಫಾದರ್‌ಗೆ ಬಿಡುವು ಇರುವುದಿಲ್ಲ. ವಾರದ ಮಧ್ಯೆ ಫೋನ್ ಮಾಡಿ, ವರ್ಷವನ್ನು ಅಂದಾಜಾಗಿಯಾದರೂ ಹೇಳಿ ಹೋಗಿ. ಒಂದು ಕಡೆ ಗೆದ್ದಲು ಹಿಡಿದ ಪುಸ್ತಕ ನೋಡಿ ಹೊಟ್ಟೆ ಉರಿಯಿತು. ಪುಟ ಮುಟ್ಟಿದರೆ ಪುಡಿ. ನಿಮ್ಮ ಚರ್ಚಿನಲ್ಲಿ ಪುಸ್ತಕ ಚೆನ್ನಾಗಿದ್ದರೆ, ಅನುಮತಿ ಕೇಳಿ ಈಗಲೇ ಫೋಟೋ ತೆಗೆಸಿಡಿ.

ಟ್ಯಾನರಿ ರೋಡ್

ಅಸ್ಸಲಾಮು ಅಲೈಕುಂ, ನಮಸ್ಕಾರ. ನಮ್ಮದು ಕುದುರೆ ಲಾಯದ ಮನೆತನ. ದಂಡಿನ ಕುದುರೆ ವ್ಯಾಪಾರದಲ್ಲಿ ದೊಡ್ಡ ಹೆಸರು ಆಗಾ ಅಲಿ ಅಸ್ಕರ್ ಅವರದು. ಇರಾನಿನ ಶಿರಾಜ್‌ನಿಂದ ಬಂದವರು, ಸರ್ ಮಿರ್ಜಾ ಇಸ್ಮಾಯಿಲ್ ಅವರ ತಾತ. ಅವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅಂಥ ವ್ಯಾಪಾರಿಗಳ ಹತ್ತಿರ ಲಾಳ ಕಟ್ಟಿದವರು, ಹುಲ್ಲು ಹಾಕಿದವರು ನಮ್ಮಂಥವರು. ನಮಗೆ ಉಪಯೋಗವಾದದ್ದು ಶಾಲೆಯ ಅಡ್ಮಿಷನ್ ರಿಜಿಸ್ಟರ್. ಅಪ್ಪನ ಹೆಸರು, ಅಪ್ಪನ ಕೆಲಸ, ಹುಟ್ಟಿದ ಊರು ಮೂರೂ ಸಿಕ್ಕಿತು. ದಂಡಿನಲ್ಲಿ ಹಳೇ ಶಾಲೆಗಳಿಗೆ ಬರ ಇಲ್ಲ. ಆರ್‌ಬಿಎಎನ್‌ಎಂ ಶಾಲೆ ಶುರುವಾದದ್ದೇ 1873ರಲ್ಲಿ.

ಅಕ್ಕ, ನಿಮ್ಮ ಕ್ರಯಪತ್ರವನ್ನೂ ಸುಮ್ನೆ ಮಡಚಿ ಇಡಬೇಡಿ. ಹಳೇ ಪತ್ರಗಳಲ್ಲಿ "ಇಂಥವರ ಮಗ, ಇಂಥ ಬೀದಿಯಲ್ಲಿ ವಾಸ, ಇಂಥ ಕೆಲಸ" ಅಂತ ಪೂರ್ತಿ ಬರೆದಿರುತ್ತಾರೆ. ಚಕ್ಕುಬಂದಿಯಲ್ಲಿ ಪಕ್ಕದ ಮನೆಯವರ ಹೆಸರೂ ಇರುತ್ತದೆ. ಆನ್‌ಲೈನ್ ಇ.ಸಿ. (ಋಣಭಾರ ಪ್ರಮಾಣಪತ್ರ) 2004ರಿಂದ ಈಚೆಗೆ ಮಾತ್ರ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅರ್ಜಿ ಕೊಡಬೇಕು.

ಹಲಸೂರಿನ ಮಗಳು

ಎಲ್ಲರಿಗೂ ಕೈ ಮುಗಿದೆ. ಪದಕದ ಅಂಚು ನೋಡಿದೆವು! ಎರಡೂ ಒಂದೇ ತರದವು, ಎರಡೂ ಬೆಳ್ಳಿ. ಎರಡರಲ್ಲೂ ಕೊನೆಗೆ '2 ಕ್ಯೂ.ವಿ.ಓ. ಎಸ್. ಅಂಡ್ ಎಂ.' ಅಂತ ಇದೆ. ಆದರೆ ನಂಬರ್ ಬೇರೆ ಬೇರೆ, ಹೆಸರೂ ಬೇರೆ ಬೇರೆ. ಒಂದು ಮುತ್ತಾತನದು. ಇನ್ನೊಂದು ಅಣ್ಣನದೇ ಇರಬೇಕು. ಇಷ್ಟು ವರ್ಷ ಎರಡೂ ಮುತ್ತಾತನದೇ ಅಂತ ಮನೆಯಲ್ಲಿ ನಂಬಿದ್ದರು. ಅಜ್ಜಿಗೆ ತೋರಿಸಿದೆ. ದೊಡ್ಡಪ್ಪನ ಹೆಸರನ್ನು ಮತ್ತೆ ಮತ್ತೆ ಓದಿಸಿದರು.

ಹಳೇ ಕಡತ

ತುಂಬಾ ಸಂತೋಷ ಮೇಡಂ. ಅದು ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಮದ್ರಾಸ್ ಸ್ಯಾಪರ್ಸ್‌ಗೆ ಆಗ ಇದ್ದ ಹೆಸರು. ಯುದ್ಧದಲ್ಲಿ ಸತ್ತವರ ಪದಕವನ್ನು ಮನೆಯವರಿಗೆ ಕೊಡುತ್ತಿದ್ದರು.

ಈಗ ನಿಮ್ಮ ದಾರಿ ಸುಲಭವಾಯಿತು. ಬದುಕಿ ಬಂದ ಮುತ್ತಾತನಿಗಿಂತ ಬರದೇ ಹೋದ ಅಣ್ಣನನ್ನು ಹುಡುಕಿ. ಯುದ್ಧದಲ್ಲಿ ಸತ್ತವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ತಾಣಕ್ಕೆ ಹೋಗಿ. ಆ ನಂಬರ್ ಹಾಕಿ, ಭಾರತೀಯ ಸೈನ್ಯ ಅಂತ ಆರಿಸಿ. ಹೆಸರು ಹಾಕಬೇಡಿ. ಭಾರತೀಯರ ಎಷ್ಟೋ ದಾಖಲೆಗಳಲ್ಲಿ ಅಪ್ಪನ ಹೆಸರು, ಊರು, ತಾಲ್ಲೂಕು, ಜಿಲ್ಲೆ ಕೊಟ್ಟಿರುತ್ತಾರೆ. ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ ಸತ್ತು ಗೋರಿ ಇಲ್ಲದವರು ಬಸ್ರಾ ಸ್ಮಾರಕಕ್ಕೆ ಸೇರಿದ್ದಾರೆ. 1929ರಲ್ಲಿ ತೆರೆದ ಆ ಸ್ಮಾರಕದ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಉಳಿದವರನ್ನು ಪಲ್ಟನ್ ಲೆಕ್ಕದಲ್ಲಿ ಬರೀ ಸಂಖ್ಯೆಯಾಗಿ ಬರೆದರು. ಇಂಥ ಭೇದ ಮಾಡಿದ್ದನ್ನು ಕಮಿಷನ್ 2021ರಲ್ಲಿ ತನ್ನದೇ ವರದಿಯಲ್ಲಿ ಒಪ್ಪಿಕೊಂಡಿದೆ. ಕಲ್ಲಿನ ಮೇಲೆ ಇಲ್ಲದ ಹೆಸರು ಅವರ ಪಟ್ಟಿಯಲ್ಲಿ ಇರಬಹುದು. ನೋಡಿ ಹೇಳಿ, ಕಾಯುತ್ತಿರುತ್ತೇನೆ.

ಬೆಳಗಾವಿ ಕ್ಯಾಂಪ್

ಮಧ್ಯದಾಗ ಬಂದೆ, ಕ್ಷಮಿಸ್ರಿ. ನಮ್ಮ ಅಜ್ಜ ಬೆಳಗಾವಿ ಕ್ಯಾಂಪಿನ್ಯಾಗ ಬೇಕರಿ ಇಟ್ಟಿದ್ರಂತ. ಪಲ್ಟನ್ನಿಗೆ ಬ್ರೆಡ್ ಕೊಡತಿದ್ರು. ನಮಗೂ ಮದ್ರಾಸ್ ಕಡತಾನ ನೋಡಬೇಕೇನ್ರಿ?

ಹಳೇ ಕಡತ

ಇಲ್ಲ ಸರ್. ಬೆಳಗಾವಿ, ಧಾರವಾಡ ಬೊಂಬಾಯಿ ಪ್ರಾಂತ್ಯ. ಅಲ್ಲಿನ ಸರ್ಕಾರಿ ಕಾಗದ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರಕ್ಕೆ ಸೇರುತ್ತದೆ, ಚರ್ಚಿನ ಪ್ರತಿಗಳು ಮೇಲೆ ಹೇಳಿದ 'ಎನ್ 3'. ಬಳ್ಳಾರಿಯವರಾದರೆ ಮದ್ರಾಸ್. ನಿಮ್ಮ ಅಜ್ಜ ಸೈನಿಕರಲ್ಲ, ಗುತ್ತಿಗೆದಾರರು. ಸೈನ್ಯದ ಪಟ್ಟಿಯಲ್ಲಿ ಸಿಗುವುದು ಕಷ್ಟ. ಕಂಟೋನ್ಮೆಂಟ್ ಬೋರ್ಡಿನ ಜಮೀನು ರಿಜಿಸ್ಟರ್ ಕೇಳಿ. ಅಂಗಡಿಯ ಜಾಗ ಯಾರ ಹೆಸರಿನಲ್ಲಿತ್ತು, ಯಾವ ಷರತ್ತಿನ ಮೇಲೆ ಕೊಟ್ಟಿದ್ದರು ಅಂತ ಅದರಲ್ಲಿ ಇರುತ್ತದೆ. ಬೆಳಗಾವಿಗೆ ಇನ್ನೂ ಬೋರ್ಡ್ ಇರುವುದು ನಿಮಗೆ ಅನುಕೂಲ.

ಆಸ್ಟಿನ್ ಟೌನ್

ಹಲಸೂರಿನ ತಂಗಿಗೆ ಒಂದು ಮಾತು. ಇಂಥ ದಾಖಲೆಗಳಲ್ಲಿ ಜಾತಿಯನ್ನೂ ಬರೆದಿರುತ್ತಾರೆ, ಕೆಲವು ಸಲ ಕೇಳೋಕೆ ನೋವಾಗುವ ಮಾತಿನಲ್ಲಿ. ಸಿಕ್ಕಿದ ಕೂಡಲೇ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಮ್ಮ. ಮೊದಲು ಅಜ್ಜಿ, ಅಪ್ಪ, ಅಮ್ಮನ ಹತ್ತಿರ ಕೂತು ಮಾತಾಡು. ನಮ್ಮ ಮನೆಯಲ್ಲಿ ಎರಡು ತಲೆಮಾರು ಈ ವಿಷಯ ಬಾಯಿಬಿಟ್ಟಿರಲಿಲ್ಲ. ದಾಖಲೆ ಎದುರಿಗೆ ಇಟ್ಟ ಮೇಲೆ ಅಪ್ಪ ಮೊದಲ ಸಲ ತಮ್ಮ ಬಾಲ್ಯದ ಬಗ್ಗೆ ಮಾತಾಡಿದರು.

ಹಲಸೂರಿನ ಮಗಳು

ಸಿಕ್ಕಿತು! ಬರೆಯುವಾಗ ಕೈ ನಡುಗುತ್ತಿದೆ. ದೊಡ್ಡಜ್ಜನ ನಂಬರ್ ಸರಿಯಾಗಿ ಹೊಂದುತ್ತದೆ. ಬಸ್ರಾ ಸ್ಮಾರಕ. ಅವರ ಅಪ್ಪನ ಹೆಸರು ನಮ್ಮ ಕ್ರಯಪತ್ರದಲ್ಲಿ ಮುತ್ತಾತನ ಅಪ್ಪನ ಹೆಸರು ಅಂತ ಇರುವುದೇ. ಊರು ಉತ್ತರ ಆರ್ಕಾಟು ಜಿಲ್ಲೆ, ಗುಡಿಯಾತ್ತಂ ತಾಲ್ಲೂಕಿನ ಒಂದು ಹಳ್ಳಿ. ಹಳ್ಳಿಯ ಹೆಸರು ಇಲ್ಲಿ ಹಾಕುವುದಿಲ್ಲ. ಆಸ್ಟಿನ್ ಟೌನ್ ಅಣ್ಣ ಹೇಳಿದ ಹಾಗೆ ಮೊದಲು ಮನೆಯಲ್ಲಿ ಮಾತಾಡಿದೆವು.

ಗುಡಿಯಾತ್ತಂ ಅಂದ ಕೂಡಲೇ ಅಜ್ಜಿ, "ಸಿರಸು ತಿರುವಿಳಾ ಆಗುವ ಊರಾ?" ಅಂತ ಕೇಳಿದರು. ದೇವಿಯ ತಲೆಯನ್ನು ಮೆರವಣಿಗೆಯಲ್ಲಿ ತರುವ ಹಬ್ಬದ ಕಥೆಯನ್ನು ಅಜ್ಜಿಯ ಅಪ್ಪ ಹೇಳುತ್ತಿದ್ದರಂತೆ. ಅದು ಎಲ್ಲಿ ಅಂತ ಅಜ್ಜಿಗೆ ಯಾವತ್ತೂ ಗೊತ್ತಿರಲಿಲ್ಲ. ಹುಡುಕಿ ನೋಡಿದೆ. ಗುಡಿಯಾತ್ತಂನ ಗಂಗೈ ಅಮ್ಮನ ಹಬ್ಬ ಅದೇ. ಚಿಕ್ಕಮ್ಮ ಹೇಳಿದ ವೆಲ್ಲೂರು ಕಡೆಯೂ ಸರಿಯಾಯಿತು.

ಲೆಸ್ಟರ್ ಕನ್ನಡಿಗ

ಓದಿ ಕಣ್ಣು ತುಂಬಿತು. ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಆ ಬಸ್ರಾ ಸ್ಮಾರಕವನ್ನು 1997ರಲ್ಲಿ ಊರಿನಿಂದ ದೂರ, ನಾಸಿರಿಯಾ ರಸ್ತೆಯ ಮರಳುಗಾಡಿಗೆ ಸಾಗಿಸಿದ್ದಾರೆ. ಅಲ್ಲಿಗೆ ಹೋಗುವುದು ಕಷ್ಟ. ದೊಡ್ಡಜ್ಜನ ದಾಖಲೆಯ ಪುಟವನ್ನು ಇಳಿಸಿಕೊಂಡು, ಚೆನ್ನಾಗಿ ಪ್ರಿಂಟ್ ಮಾಡಿಸಿ ಅಜ್ಜಿಗೆ ಕೊಡಿ.

ಹಳೇ ಕಡತ

ಇನ್ನು ಊರಿಗೆ ಹೋಗುವ ವಿಷಯ. ಮೊದಲು ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ 'ಎ ರಿಜಿಸ್ಟರ್' ಕೇಳಿ, ತಮಿಳುನಾಡಿನಲ್ಲಿ ಸರ್ವೆ ನಂಬರ್ ಪ್ರಕಾರ ಪಟ್ಟಾದಾರರ ಹೆಸರು ಅದರಲ್ಲಿರುತ್ತದೆ. ನಿಮ್ಮವರಿಗೆ ಜಮೀನು ಇಲ್ಲದಿದ್ದರೆ ಹೆಸರು ಇರುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆಗ ಅಮ್ಮನವರ ಗುಡಿಯ ಹತ್ತಿರ ವಯಸ್ಸಾದವರನ್ನು ಹುಡುಕಿ, "ಬೆಂಗಳೂರು ಪಟಾಲಂಗೆ ಹೋದವರ ಮನೆ ಯಾವುದು" ಅಂತ ಕೇಳಿ. ಒಂದೇ ಹಳ್ಳಿಯಿಂದ ಹಲವರು ಸೇರಿರುತ್ತಾರೆ, ಜನಕ್ಕೆ ನೆನಪಿರುತ್ತದೆ. ಇಬ್ಬರ ಹೆಸರು, ಅವರ ಅಪ್ಪನ ಹೆಸರು, ಫೋಟೋದ ಒಂದು ಪ್ರತಿ ಜೊತೆಗಿರಲಿ. ಪದಕ ಮನೆಯಲ್ಲೇ ಬಿಟ್ಟು ಹೋಗಿ.

ಸಿರಸು ಹಬ್ಬ ಮೇ ತಿಂಗಳ ಮಧ್ಯದಲ್ಲಿ. ಜನ ತುಂಬಾ ಇರುತ್ತಾರೆ, ಅಜ್ಜಿಯನ್ನು ಕರೆದುಕೊಂಡು ಹೋಗುವುದಾದರೆ ಹಬ್ಬಕ್ಕೆ ಮುಂಚೆ ಹೋಗಿ. ಜೋಲಾರಪೇಟೆ ದಾಟಿ ಕಾಟ್ಪಾಡಿ ಕಡೆ ಹೋಗುವ ಲೈನಿನಲ್ಲೇ ಗುಡಿಯಾತ್ತಂ ಸ್ಟೇಷನ್ ಇದೆ. ಎಲ್ಲ ರೈಲೂ ನಿಲ್ಲುವುದಿಲ್ಲ, ಟಿಕೆಟ್ ತೆಗೆಸುವ ಮೊದಲು ಒಂದು ಸಲ ನೋಡಿಕೊಳ್ಳಿ.